ಎಂಗೇಜ್ಮೆಂಟ್ ಉಂಗುರಕ್ಕೆ ದೊಡ್ಡ ವಜ್ರ: ನಮ್ಮ ಸರಾಫರಲ್ಲೋ, ಹೈದರಾಬಾದಿನಲ್ಲೋ, ಆನ್‌ಲೈನಿನಲ್ಲೋ?

ಪ್ರಶ್ನೆ: ಸರ್, ನಾನು ಸೇಡಂ ಹತ್ತಿರದ ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಮ್ಮ ಎಂಗೇಜ್ಮೆಂಟ್ 2014ರಲ್ಲಿ ಆಯಿತು. ಆ ವರ್ಷ ತೊಗರಿ ಮಾರಿದ ದುಡ್ಡಿನಲ್ಲಿ ಮಾವನವರು ಕಲಬುರಗಿಯ ಸರಾಫ್ ಬಜಾರಿನಲ್ಲಿ ಉಂಗುರ ಮಾಡಿಸಿದ್ದರು. 22 ಕ್ಯಾರಟ್‌ನ 3 ಗ್ರಾಂ ಬಂಗಾರ, ನಡುವೆ 8 ಸೆಂಟ್‌ನ ಸಣ್ಣ ವಜ್ರ (ವಜ್ರದ ತೂಕದಲ್ಲಿ 100 ಸೆಂಟ್ ಅಂದರೆ 1 ಕ್ಯಾರಟ್). ಈಗ ಯಜಮಾನರು ಅದಕ್ಕೆ ದೊಡ್ಡ ವಜ್ರ ಹಾಕಿಸೋಣ ಅಂತಿದ್ದಾರೆ. ಎರಡೂವರೆ ಲಕ್ಷ ತೆಗೆದಿಟ್ಟಿದ್ದೇವೆ. ಎಲ್ಲಿ ಕೊಳ್ಳುವುದು ಅನ್ನುವುದೇ ಮನೆಯಲ್ಲಿ ಜಗಳ. ಮಾವನವರು ನಮ್ಮ ಸರಾಫರನ್ನು ಬಿಟ್ಟು ಹೋಗಬೇಡಿ ಅಂತಾರೆ. ತಮ್ಮ ಹೈದರಾಬಾದಿಗೆ ಹೋಗು ಅಂತಾನೆ. ಯಜಮಾನರು ಫೋನ್ ತೋರಿಸಿ, ಆನ್‌ಲೈನಿನಲ್ಲಿ ಅರ್ಧ ದುಡ್ಡಿಗೆ ಎರಡು ಕ್ಯಾರಟ್ ಸಿಗ್ತಿದೆ ನೋಡು ಅಂತಾರೆ. ನೀವೇನಂತೀರಿ?

ಉತ್ತರ: ಅಕ್ಕೋರೆ, ಮೊದಲು ನನ್ನ ಉತ್ತರ ಹೇಳಿಬಿಡುತ್ತೇನೆ. ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಸರಾಫರ ಹತ್ತಿರವೇ ಹೋಗಿ. ಆದರೆ ಅವರ ಗಾಜಿನ ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ಹರಳು ಕೊಳ್ಳಬೇಡಿ. ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆಯ ವರದಿ ಇರುವ ಮೂರು ಬಿಡಿ ಹರಳುಗಳನ್ನು ಹೊರಗಿನಿಂದ ತರಿಸಿಕೊಡಿ ಅಂತ ಕೇಳಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದನ್ನು ಆರಿಸಿ. ಅವರು ಒಪ್ಪಲಿಲ್ಲ ಅಂದರೆ ಹೈದರಾಬಾದಿನ ರೈಲು ಹತ್ತಿ.

ಈಗ ಯಜಮಾನರ ಫೋನಿನ ವಿಷಯ. ಅರ್ಧ ದುಡ್ಡಿಗೆ ಎರಡು ಕ್ಯಾರಟ್ ಸಿಗುತ್ತದೆ ಅಂದರೆ ಅದು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ಅದು ಸುಳ್ಳು ವಜ್ರ ಅಲ್ಲ. ನಮ್ಮ ಕಡೆ 'ಅಮೆರಿಕನ್ ಡೈಮಂಡ್' ಅಂತ ಮಾರುವ ಹರಳಿದೆಯಲ್ಲ, ಅದು ಜಿರ್ಕೋನಿಯಾ, ವಜ್ರವೇ ಅಲ್ಲ. ಲ್ಯಾಬ್ ವಜ್ರ ಹಾಗಲ್ಲ, ಅದೂ ನಿಜವಾದ ಇಂಗಾಲದ ವಜ್ರ. ಗಣಿಯಲ್ಲಿ ಹುಟ್ಟುವ ಬದಲು ಯಂತ್ರದಲ್ಲಿ ಹುಟ್ಟಿದೆ, ಅಷ್ಟೇ. ಅಂಗಡಿಯವರು ಪೆನ್ನಿನಂಥ ಟೆಸ್ಟರ್ ಒತ್ತಿ 'ಬೀಪ್' ಅನ್ನಿಸಿ ತೋರಿಸುತ್ತಾರಲ್ಲ, ಅದು ಗಣಿಯ ವಜ್ರಕ್ಕೂ ಬೀಪ್ ಅನ್ನುತ್ತದೆ, ಲ್ಯಾಬ್ ವಜ್ರಕ್ಕೂ ಅನ್ನುತ್ತದೆ. ಬಿಸಿ ಅಳೆಯುವ ಅಗ್ಗದ ಟೆಸ್ಟರ್ ಆದರೆ ಮೊಯಿಸನೈಟ್ ಎಂಬ ಬೇರೆ ಹರಳಿಗೂ ಅನ್ನುತ್ತದೆ. ಹಾಗಾಗಿ ಬೀಪ್ ಕೇಳಿ ಸಮಾಧಾನ ಪಡಬೇಡಿ.

ಲ್ಯಾಬ್ ವಜ್ರ ಕೊಳ್ಳುವುದು ತಪ್ಪಲ್ಲ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಅಧ್ಯಕ್ಷರ ಪತ್ನಿಗೆ ಕೊಟ್ಟಿದ್ದು 7.5 ಕ್ಯಾರಟ್‌ನ ಲ್ಯಾಬ್ ವಜ್ರವನ್ನೇ. ಹಾಕಿಕೊಳ್ಳುವ ಖುಷಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಬೆಲೆ ನಿಲ್ಲುವುದಿಲ್ಲ. ಗಣಿ ವಜ್ರದ ದೊಡ್ಡ ಕಂಪನಿ ಡಿ ಬೀರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಅನ್ನುವ ಲ್ಯಾಬ್ ವಜ್ರದ ಬ್ರ್ಯಾಂಡ್ ಶುರು ಮಾಡಿತ್ತು. 2025ರ ಮೇ ತಿಂಗಳಲ್ಲಿ ಅದನ್ನು ಮುಚ್ಚುತ್ತೇವೆ ಎಂದಿತು. ಅಷ್ಟರಲ್ಲಿ ಸಗಟು ಬೆಲೆ ಶೇ 90ರಷ್ಟು ಬಿದ್ದಿತ್ತು ಎಂದು ಕಂಪನಿಯೇ ಹೇಳಿತು. ನೀವು ಆರಿಸುವುದು ಈ ಹರಳಾದರೆ ಅದನ್ನು ಸೀರೆಯ ಖರ್ಚಿನ ಹಾಗೆ ನೋಡಿ, ಬಂಗಾರದ ಹಾಗೆ ಅಲ್ಲ. ಜೊತೆಗೆ ಗಣಿಯ ವಜ್ರದ ಬೆಲೆ ಕೊಡಬೇಡಿ. ಬಿಲ್‌ನಲ್ಲಿ 'ಲ್ಯಾಬ್‌ನಲ್ಲಿ ಬೆಳೆಸಿದ್ದು' ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ.

ನಿಮ್ಮ ಪತ್ರ ಓದಿದರೆ ನಿಮಗೆ ಗಣಿಯ ವಜ್ರವೇ ಬೇಕು ಅನ್ನಿಸುತ್ತದೆ. ಮಾವನವರು ತೊಗರಿ ಮಾರಿ ಮಾಡಿಸಿದ್ದರ ಮುಂದುವರಿಕೆ ಅದು, ಅಲ್ವಾ. ಹಾಗಾದರೆ ನಿಮ್ಮ ಹಣಕ್ಕೆ ಅರ್ಧ ಕ್ಯಾರಟ್ ಆಸುಪಾಸಿನ ಒಳ್ಳೆಯ ಹರಳು ನೋಡಿ. ಸಣ್ಣದಾಯಿತು ಅನ್ನಬೇಡಿ. ನಿಮ್ಮ ಈಗಿನ 8 ಸೆಂಟ್ ಹರಳಿನ ಅಗಲ ಸುಮಾರು 2.8 ಮಿಲಿಮೀಟರ್. 50 ಸೆಂಟ್‌ನ ದುಂಡು ಹರಳು ಸುಮಾರು 5.1 ಮಿಲಿಮೀಟರ್. ಮೇಲಿನಿಂದ ನೋಡಿದರೆ ಮೂರು ಪಟ್ಟಿಗೂ ಜಾಸ್ತಿ ಜಾಗ ತುಂಬುತ್ತದೆ. ಇನ್ನೊಂದು ಮಾತು: ವ್ಯಾಪಾರದಲ್ಲಿ 50 ಸೆಂಟ್, 70 ಸೆಂಟ್, 1 ಕ್ಯಾರಟ್ ಮುಟ್ಟಿದ ಕೂಡಲೇ ಪ್ರತಿ ಕ್ಯಾರಟ್ಟಿನ ಬೆಲೆ ಮೇಲಕ್ಕೆ ಜಿಗಿಯುತ್ತದೆ. 48 ಸೆಂಟ್ ಹರಳಿಗೂ 50 ಸೆಂಟ್ ಹರಳಿಗೂ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸ. ಬೆಲೆಯಲ್ಲಿ ಹಾಗಲ್ಲ. 46ರಿಂದ 49 ಸೆಂಟ್ ಒಳಗಿನದ್ದು ಇದ್ದರೆ ತೋರಿಸಿ ಅಂತ ಬಾಯಿಬಿಟ್ಟು ಕೇಳಿ.

ಇನ್ನು ವರದಿ. ಬಂಗಾರಕ್ಕೆ ಬಿಐಎಸ್ ಹಾಲ್‌ಮಾರ್ಕ್ ಇದೆ. ಅದು ಬಂಗಾರದ ಶುದ್ಧತೆ ಹೇಳುತ್ತದೆ, ವಜ್ರದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. 'ಉಂಗುರ ಹಾಲ್‌ಮಾರ್ಕ್ ಇದೆ, ಅಂದಮೇಲೆ ವಜ್ರವೂ ಸರಿ' ಎಂದು ನಂಬಿ ಮೋಸ ಹೋದವರನ್ನು ನಾನು ಬಹಳ ನೋಡಿದ್ದೇನೆ. ವಜ್ರಕ್ಕೆ ಬೇರೆಯೇ ವರದಿ ಬೇಕು, ವಜ್ರ ಪರೀಕ್ಷಿಸುವ ಲ್ಯಾಬಿನದ್ದು. ನಮ್ಮಲ್ಲಿ ಹೆಚ್ಚು ಓಡಾಡುವುದು ಎರಡು: ಅಮೆರಿಕದಲ್ಲಿ 1931ರಲ್ಲಿ ಶುರುವಾದ ಜಿಐಎ, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ 1975ರಲ್ಲಿ ಶುರುವಾದ ಐಜಿಐ. ಎರಡಕ್ಕೂ ಮುಂಬೈಯಲ್ಲಿ ಲ್ಯಾಬ್ ಇದೆ. ಗಣಿಯ ಸಾಲಿಟೇರ್ ಹರಳಿಗೆ, ಅಂದರೆ ಉಂಗುರದಲ್ಲಿ ಒಂಟಿಯಾಗಿ ಕೂರುವ ಹರಳಿಗೆ, ನಾನು ಜಿಐಎ ಕಡೆಗೇ ವಾಲುತ್ತೇನೆ. ಬಣ್ಣದ ವಿಷಯದಲ್ಲಿ ಅವರ ಕೈ ಬಿಗಿ ಅನ್ನುವುದು ನನ್ನ ಅನುಭವ. ಅಂಗಡಿಯವರು ತಮ್ಮದೇ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ 'ಸರ್ಟಿಫಿಕೇಟ್' ವರದಿ ಅಲ್ಲ. ಅದು ಅವರ ಮಾತು ಅಷ್ಟೇ.

ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ. ಆಗಿನ್ನೂ ಹರಳು ವಿಂಗಡಿಸುವ ಕೆಲಸಕ್ಕೆ ನಾನು ಹೊಸಬ. ನಮ್ಮಕ್ಕನ ಮದುವೆಗೆ ಒಂದು ಅಂಗಡಿಯಲ್ಲಿ 30 ಸೆಂಟ್ ವಜ್ರದ ಉಂಗುರ ಕೊಂಡರು. ಚೀಟಿಯ ಮೇಲೆ ನೀಲಿ ಪೆನ್ನಿನಲ್ಲಿ 'ವಿವಿಎಸ್, ಇ-ಎಫ್' ಅಂತ ಬರೆದಿತ್ತು, ಅಂದರೆ ಬಹಳ ಶುದ್ಧ, ಬಣ್ಣ ಬಿಳಿ. ಎರಡು ವರ್ಷದ ನಂತರ ನಾನು ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ನೋಡಿದರೆ ಹರಳಿನ ನಡುವೆಯೇ ಗರಿಯಂಥ ಬಿರುಕು. ಬಣ್ಣವೂ ತಿಳಿ ಹಳದಿ. ವಾಪಸ್ ಕೇಳಲು ಹೋದಾಗ, ಚೀಟಿ ನಮ್ಮ ಹಳೇ ಗುಮಾಸ್ತ ಬರೆದದ್ದು, ಅವನು ಈಗಿಲ್ಲ ಅಂದರು. ಅಕ್ಕ ಆ ಉಂಗುರವನ್ನು ಇವತ್ತಿಗೂ ಹಾಕಿಕೊಳ್ಳುತ್ತಾಳೆ. ನನ್ನನ್ನು ಕಂಡಾಗಲೆಲ್ಲ ಉಂಗುರದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಅದನ್ನು ನೋಡಿದಾಗ ನನಗೆ ಈಗಲೂ ಸಂಕಟವಾಗುತ್ತದೆ.

ವರದಿಯಲ್ಲಿ ಏನು ಇರಬೇಕು? ಬಣ್ಣದ ಅಕ್ಷರ ಡಿ ಇಂದ ಝಡ್‌ವರೆಗೆ ಹೋಗುತ್ತದೆ. ಡಿ ಅಂದರೆ ನೀರಿನಂತೆ ಬಿಳಿ, ಕೆಳಗಿಳಿದಂತೆ ಹಳದಿ. ನೀವು ಹಳದಿ ಬಂಗಾರದಲ್ಲೇ ಕೂರಿಸುತ್ತೀರಿ. ಹಳದಿ ಬಂಗಾರದ ನಡುವೆ ಜಿ, ಎಚ್ ಬಣ್ಣದ ಹರಳು ಬೆಳ್ಳಗೇ ಕಾಣುತ್ತದೆ. ಡಿ-ಇ ಬಣ್ಣಕ್ಕೆ ದುಡ್ಡು ಸುರಿಯಬೇಡಿ. ಶುದ್ಧತೆ ಅಂದರೆ ಹರಳಿನಲ್ಲಿ ಕಲೆ, ಬಿರುಕು ಎಷ್ಟು ಕಡಿಮೆ ಅನ್ನುವುದು. ಅದರಲ್ಲಿ ವಿಎಸ್2 ದರ್ಜೆ ಸಾಕು. ಬರಿಗಣ್ಣಿಗೆ ಏನೂ ಕಾಣದಿದ್ದರೆ ಅದರ ಕೆಳಗಿನ ಎಸ್‌ಐ1 ಕೂಡ ನಡೆಯುತ್ತದೆ. ಎಲ್ಲಿ ಕೈ ಬಿಗಿ ಮಾಡಬಾರದು ಅಂದರೆ ಕಟ್‌ನಲ್ಲಿ, ಹರಳನ್ನು ಕತ್ತರಿಸಿ ಸಾಣೆ ಹಿಡಿದ ರೀತಿಯಲ್ಲಿ. ಹರಳಿಗೆ ಹೊಳಪು ಕೊಡುವುದು ಅದೇ. ದುಂಡು ಹರಳಿಗೆ ಕಟ್, ಪಾಲಿಶ್, ಸಿಮೆಟ್ರಿ ಮೂರೂ 'ಎಕ್ಸಲೆಂಟ್' ಇರಲಿ. ವ್ಯಾಪಾರದಲ್ಲಿ ಇದಕ್ಕೆ 'ಟ್ರಿಪಲ್ ಎಕ್ಸ್' ಅಂತಾರೆ. ಕಟ್ ಕೆಟ್ಟರೆ ಅರ್ಧ ಕ್ಯಾರಟ್ ಹರಳು ತೂಕವನ್ನೆಲ್ಲ ಹೊಟ್ಟೆಯಲ್ಲಿ ಅಡಗಿಸಿಕೊಂಡು ಮೇಲಿಂದ ಸಣ್ಣಗೆ, ಮಂಕಾಗಿ ಕಾಣುತ್ತದೆ.

ಈ ಅಳತೆಯ ಹರಳಿಗೆ ಜಿಐಎ ವರದಿ ಡಿಜಿಟಲ್ ಆಗಿಯೂ ಬರುತ್ತದೆ. ಕಾಗದ ಕಾಣದಿದ್ದರೆ ಗಾಬರಿ ಬೇಡ. ವರದಿಯ ಸಂಖ್ಯೆಯನ್ನು ಹರಳಿನ ನಡುಪಟ್ಟಿಯ ಮೇಲೆ ಲೇಸರ್‌ನಿಂದ ಬರೆದಿರುತ್ತಾರೆ. ಅಂಗಡಿಯಲ್ಲೇ 10 ಪಟ್ಟು ದೊಡ್ಡದು ಮಾಡುವ ಲೂಪ್ ಕೇಳಿ ತೆಗೆದುಕೊಳ್ಳಿ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಚಿಮಟದಲ್ಲಿ ಹರಳನ್ನು ನಿಧಾನ ಹತ್ತಿರ ತನ್ನಿ. ಅಂಚು ತಿರುಗಿಸುತ್ತಾ ಹೋದರೆ ಇರುವೆಯ ಕಾಲಿನಂಥ ಅಂಕಿಗಳು ಕಾಣುತ್ತವೆ. ಮೊದಲ ಸಲ ಐದು ನಿಮಿಷ ಬೇಕಾಗಬಹುದು, ನಾಚಿಕೆ ಬೇಡ. ಆ ಸಂಖ್ಯೆಯನ್ನು ನಿಮ್ಮ ಫೋನಿನಲ್ಲಿ ಜಿಐಎ ವೆಬ್‌ಸೈಟಿಗೆ ಹಾಕಿ. ತೂಕ ಮತ್ತು ಮಿಲಿಮೀಟರ್ ಅಳತೆ ಎರಡನ್ನೂ ಕೈಯಲ್ಲಿರುವ ಹರಳಿನ ಜೊತೆ ಹೋಲಿಸಿ. ಗಣಿ ವಜ್ರದ ಸಂಖ್ಯೆಯನ್ನು ಲ್ಯಾಬ್ ವಜ್ರದ ಮೇಲೆ ಕೊರೆದು ಮಾರಿದ ಪ್ರಕರಣಗಳು ಆಗಿವೆ. ಬರೀ ಸಂಖ್ಯೆ ಕಂಡಿತು ಅಂತ ಸುಮ್ಮನಾಗಬೇಡಿ.

ಈಗ ಸರಾಫರ ಮಾತಿಗೆ ಬರೋಣ. ಸರಾಫ್ ಬಜಾರಿನ ಹಳೇ ಅಂಗಡಿಯವರಿಗೆ ಬಂಗಾರ ಗೊತ್ತು. ಬೆರಳಲ್ಲಿ ಹಿಡಿದರೆ ಕ್ಯಾರಟ್ ಹೇಳುವಷ್ಟು ಗೊತ್ತು. ಆದರೆ ವಜ್ರ ಅವರ ದಿನನಿತ್ಯದ ಸರಕಲ್ಲ. ಅವರಲ್ಲಿ ಸಾಲಿಟೇರ್ ಇದ್ದರೆ ಒಂದೋ ಎರಡೋ, ಅದೂ ಬಹಳ ದಿನದಿಂದ ಕೂತದ್ದು. ಅದನ್ನೇ ನಿಮಗೆ ದಾಟಿಸಬೇಕು ಅನ್ನಿಸುವುದು ಸಹಜ. ಅದಕ್ಕೇ ಜಾಂಗಡ್ ಮೇಲೆ ತರಿಸಿ ಅನ್ನಿ. ಮುಂಬೈ, ಸೂರತ್ ವಜ್ರದ ವ್ಯಾಪಾರದ ಹಳೆಯ ಪದ್ಧತಿ ಇದು. ಸಗಟು ವ್ಯಾಪಾರಿ ಹರಳುಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಮಡಚಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಇಲ್ಲವಾದರೆ ವಾಪಸ್ ಕೊಡಿ ಎಂಬ ಚೀಟಿ ಬರೆದು ಕಳಿಸುತ್ತಾನೆ. ನಿಮ್ಮ ಸರಾಫರು ಆ ಪದ ಕೇಳಿದ ಕೂಡಲೇ, ಈ ಅಕ್ಕೋರು ವಿಚಾರ ಮಾಡಿಕೊಂಡೇ ಬಂದಿದ್ದಾರೆ ಅಂತ ತಿಳಿದುಕೊಳ್ಳುತ್ತಾರೆ.

ಹೀಗೆ ಮಾಡಿದರೆ ಅವರಿಗೂ ಹಣ ಕಟ್ಟಿಕೊಂಡು ಕೂರುವ ಭಾರ ಇಲ್ಲ, ನಿಮಗೂ ಆಯ್ಕೆ ಸಿಗುತ್ತದೆ. ಅವರು ತಮ್ಮ ಲಾಭ ಇಟ್ಟುಕೊಳ್ಳಲಿ. ಆ ಲಾಭ ನನ್ನ ಲೆಕ್ಕದಲ್ಲಿ ದಂಡ ಅಲ್ಲ. ಮೂರು ವರ್ಷ ಬಿಟ್ಟು ಹರಳು ಅಲ್ಲಾಡಿದಾಗ, ಉಂಗುರ ಬಿಗಿಯಾದಾಗ ನೀವು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಸ್ ಹತ್ತಿ ಹೋಗುವುದು ಅವರ ಅಂಗಡಿಗೇ. ನಿಮ್ಮ ಮಾವನವರ ಮಾತಿನ ತೂಕ ಇಲ್ಲಿದೆ.

ಮೂರು ಹರಳು ಬಂದ ದಿನ ಹೀಗೆ ನೋಡಿ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಗಾಜಿನ ಚೂರೂ ಮಿಂಚುತ್ತದೆ. ಬಾಗಿಲ ಹತ್ತಿರ ಬನ್ನಿ. ನೇರ ಬಿಸಿಲು ಬೇಡ, ನೆರಳಿನ ಬೆಳಕು ಸಾಕು. ಒಂದು ಬಿಳಿ ಹಾಳೆಯನ್ನು ನಡುವೆ ಮಡಚಿ ಸಣ್ಣ ಕಾಲುವೆಯಂತೆ ಮಾಡಿ. ಆ ಮಡಿಕೆಯಲ್ಲಿ ಮೂರೂ ಹರಳುಗಳನ್ನು ಬೋರಲಾಗಿ, ಚಪ್ಪಟೆ ಮುಖ ಕೆಳಗೆ ಮಾಡಿ ಸಾಲಾಗಿ ಇಡಿ. ಬದಿಯಿಂದ ನೋಡಿ. ಬಣ್ಣದ ವ್ಯತ್ಯಾಸ ಇಲ್ಲಿ ಮುಚ್ಚಿಡಲಿಕ್ಕೆ ಆಗುವುದಿಲ್ಲ. ಆಮೇಲೆ ಮಗುಚಿ, ಬೆರಳ ಸಂದಿಯಲ್ಲಿ ಇಟ್ಟುಕೊಂಡು ಕೈ ಆಡಿಸಿ. ಯಾವುದು ನಿಮ್ಮ ಕಣ್ಣನ್ನು ತಾನಾಗಿ ಎಳೆಯುತ್ತದೋ ನೋಡಿ. ವರದಿ ಒಂದೇ ಇದ್ದರೂ ಹರಳುಗಳ ಜೀವ ಬೇರೆ ಬೇರೆ ಇರುತ್ತದೆ. ಇದೇ ಕಾರಣಕ್ಕೆ ಒಂದೇ ಹರಳು ನೋಡಿ ಕೊಳ್ಳಬೇಡಿ ಅನ್ನುತ್ತೇನೆ. ಒಂದನ್ನೇ ನೋಡಿದರೆ ಎಲ್ಲವೂ ಚಂದವೇ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ವಜ್ರ ಆಗಿಬರುತ್ತದೋ ಇಲ್ಲವೋ ಅಂತ ಮೂರು ದಿನ ಮನೆಯಲ್ಲಿ ಇಟ್ಟುಕೊಂಡು ನೋಡುವುದು. ನಿಮ್ಮ ಅತ್ತೆಯವರೂ ಹೇಳಿಯೇ ಹೇಳುತ್ತಾರೆ. ಬೇಡ ಅನ್ನಬೇಡಿ. ಹಳೇ ಗಿರಾಕಿಗೆ ಮುಂಗಡ ಕಟ್ಟಿಸಿಕೊಂಡು ಹರಳು ಕೊಡುವ ಸರಾಫರು ಇದ್ದಾರೆ. ಆ ಮೂರು ದಿನದಲ್ಲಿ ಬೇರೆ ಅಂಗಡಿಯೊಂದರಲ್ಲಿ ಲೂಪ್ ಕೇಳಿ ಸಂಖ್ಯೆ ಮತ್ತೆ ನೋಡಿ. ಅಡುಗೆಮನೆಯ ಟ್ಯೂಬ್‌ಲೈಟ್, ಬೆಳಗಿನ ಅಂಗಳ, ಸಂಜೆ ದೀಪ, ಎಲ್ಲದರಲ್ಲೂ ನೋಡಿ. ಹಿರಿಯರ ರೂಢಿಯೂ ಉಳಿಯುತ್ತದೆ, ಪರೀಕ್ಷೆಯೂ ಆಗುತ್ತದೆ. ಆದರೆ ಉಂಗುರಕ್ಕೆ ಕೂರಿಸುವ ಮೊದಲೇ ಇದೆಲ್ಲ ಮುಗಿಯಬೇಕು. ಕೂರಿಸಿದ ಮೇಲೆ ಅರ್ಧ ಹರಳು ಬಂಗಾರದಲ್ಲಿ ಅಡಗಿರುತ್ತದೆ.

ತಮ್ಮ ಹೇಳಿದ ಹೈದರಾಬಾದ್ ಕೂಡ ಕೆಟ್ಟ ಸಲಹೆ ಅಲ್ಲ. ಸೇಡಂನಿಂದ ನೇರ ರೈಲಿದೆ. ಅಬಿಡ್ಸ್, ಬಶೀರ್‌ಬಾಗ್, ಪಂಜಾಗುಟ್ಟ, ಸೋಮಾಜಿಗುಡ ಕಡೆ ಒಂದೇ ಅಂಗಡಿಯಲ್ಲಿ ಹತ್ತಾರು ಹರಳು ನೋಡಬಹುದು. ಕಲಬುರಗಿಯಲ್ಲಿ ಅಷ್ಟು ಸಿಗುವುದಿಲ್ಲ. ಸರಾಫರ ಹತ್ತಿರ ಹೋಗುವ ಮೊದಲು ಒಂದು ದಿನ ಹೋಗಿ ಸುಮ್ನೆ ಕಣ್ಣು ತುಂಬ ನೋಡಿ, ದರ ಬರೆದುಕೊಂಡು ಬಂದರೂ ಲಾಭವೇ. ತೂಕ, ಬಣ್ಣ, ಶುದ್ಧತೆ, ಕಟ್ ನಾಲ್ಕೂ ಒಂದೇ ಇರುವ ಜಿಐಎ ಹರಳಿಗೆ ಎರಡು ಕಡೆ ದರ ಕೇಳಿದರೆ ಯಾರು ಜಾಸ್ತಿ ಹೇಳುತ್ತಿದ್ದಾರೆ ಅಂತ ತಾನಾಗಿ ತಿಳಿಯುತ್ತದೆ.

ಅಲ್ಲಿ ಯಾರಾದರೂ 'ಇದು ಗೋಲ್ಕೊಂಡ ವಜ್ರ' ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಮ್ಮ ಯಾದಗಿರಿ, ರಾಯಚೂರು ದಾಟಿ ಹೋಗುವ ಕೃಷ್ಣೆಯ ದಂಡೆಯಲ್ಲೇ ಕೊಲ್ಲೂರಿನ ಗಣಿ ಇತ್ತು, ನಿಜ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೂ ಜಗತ್ತಿಗೆ ವಜ್ರ ಹೋಗುತ್ತಿದ್ದುದು ಮುಖ್ಯವಾಗಿ ನಮ್ಮ ದೇಶದಿಂದ. ಈ ನೆಲದವರಾಗಿ ನಮಗೆ ಅದು ಹೆಮ್ಮೆ. ಆದರೆ ಆ ಗಣಿಗಳು ಬತ್ತಿ ಬಹಳ ಕಾಲವಾಯಿತು. ಇವತ್ತು ಅಂಗಡಿಯಲ್ಲಿರುವ ಹರಳು ಬೋಟ್ಸ್ವಾನಾದಂಥ ದೂರದ ದೇಶದಲ್ಲಿ ನೆಲದಿಂದ ಎದ್ದು, ಬಹುಪಾಲು ಸೂರತ್‌ನಲ್ಲಿ ಸಾಣೆ ಹಿಡಿಸಿಕೊಂಡು ಬಂದದ್ದು. ಹೆಸರಿಗೆ ದುಡ್ಡು ಕೊಡಬೇಡಿ.

ದೊಡ್ಡ ಚೈನ್ ಶೋರೂಮ್‌ಗಳಲ್ಲಿ ಬಿಲ್ ಚೊಕ್ಕ ಇರುತ್ತದೆ, ವರ್ಗಾವಣೆ ಆಗಿ ಬೇರೆ ಊರಿಗೆ ಹೋದರೂ ಅವರ ಅಂಗಡಿ ಸಿಗುತ್ತದೆ. ದರ ಜಾಸ್ತಿ. 'ವಜ್ರದ ಮೇಲೆ ಶೇ 20 ರಿಯಾಯಿತಿ' ಅಂದಾಗ ಯಾವ ದರದ ಮೇಲೆ ಅಂತ ಕೇಳಿ. ಅಕ್ಷಯ ತೃತೀಯದ ಗದ್ದಲದಲ್ಲಂತೂ ಸಾಲಿಟೇರ್ ಕೊಳ್ಳಲು ಹೋಗಬೇಡಿ, ನಿಂತು ನೋಡಲು ಯಾರೂ ಬಿಡುವುದಿಲ್ಲ. ವಾಪಸ್ ಕೊಳ್ಳುವ ಷರತ್ತು ಎಲ್ಲೇ ಆಗಲಿ ಬರವಣಿಗೆಯಲ್ಲಿ ಇರಲಿ. ಬದಲಾಯಿಸಿಕೊಂಡರೆ ಎಷ್ಟು, ನಗದು ಕೇಳಿದರೆ ಎಷ್ಟು, ಆವತ್ತಿನ ದರವೋ ಇವತ್ತಿನ ದರವೋ. ಗಣಿಯ ವಜ್ರವನ್ನೂ ಮಾರಲು ಹೋದರೆ ಕೊಟ್ಟ ದುಡ್ಡು ಪೂರ್ತಿ ಬರುವುದಿಲ್ಲ. ಇದನ್ನು ಮೊದಲೇ ತಿಳಿದಿರಿ.

ಬಿಲ್ ವಿಷಯದಲ್ಲಿ ನಿಮ್ಮ ಸರಾಫರಾದರೂ ದಾಕ್ಷಿಣ್ಯ ಬೇಡ. ಬಿಲ್‌ನಲ್ಲಿ ವರದಿ ಸಂಖ್ಯೆ ಇರಬೇಕು. ಬಂಗಾರದ ನಿವ್ವಳ ತೂಕ ಬೇರೆ, ಹರಳಿನ ತೂಕ ಬೇರೆ ಇರಬೇಕು. 1 ಕ್ಯಾರಟ್ ಅಂದರೆ 0.2 ಗ್ರಾಂ. ಅರ್ಧ ಕ್ಯಾರಟ್ ಹರಳು 0.1 ಗ್ರಾಂ. ಅದನ್ನೂ ಬಂಗಾರದ ಜೊತೆ ತೂಗಿದರೆ ಹರಳಿಗೆ ಎರಡು ಸಲ ದುಡ್ಡು ಕೊಟ್ಟಂತೆ. ತಯಾರಾದ ಆಭರಣಕ್ಕೆ ಜಿಎಸ್‌ಟಿ ಶೇ 3. ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು, ಅಷ್ಟು ಹಣವನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. 'ಬಿಲ್ ಇಲ್ಲದೆ ಕೊಟ್ಟರೆ ಮೂರು ಪರ್ಸೆಂಟ್ ಉಳಿಯುತ್ತೆ' ಅಂದರೆ ಬೇಡ ಅನ್ನಿ. ತಕರಾರು ಬಂದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಮೊದಲು ಕೇಳುವುದು ಬಿಲ್ಲನ್ನೇ.

ಕೊನೆಗೆ ಉಂಗುರ. ಇಲ್ಲಿ ನಿಮ್ಮ ಕೈಯ ಕೆಲಸ ನೆನಪಿಟ್ಟುಕೊಳ್ಳಿ. ಮನೆಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತೀರಿ ಅಂದುಕೊಂಡಿದ್ದೇನೆ. ನನ್ನ ಹತ್ತಿರ ರಿಪೇರಿಗೆ ಬಂದ ಉಂಗುರಗಳಲ್ಲಿ ಹರಳಿನ ಕೆಳಗೆ ಗಟ್ಟಿಯಾಗಿ ಮೆತ್ತಿದ ಜೋಳದ ಹಿಟ್ಟನ್ನು ಸೂಜಿಯಲ್ಲಿ ಕೆದರಿ ತೆಗೆದಿದ್ದೇನೆ. ಹಿಟ್ಟು ಕೂತರೆ ಬೆಳಕು ಒಳಗೆ ಹೋಗುವುದಿಲ್ಲ, ವಜ್ರ ಸತ್ತಂತೆ ಕಾಣುತ್ತದೆ. ಎತ್ತರಕ್ಕೆ ಕೂರಿಸಿದ ಹರಳು ರೊಟ್ಟಿಗೂ ತಾಗುತ್ತದೆ, ಸೀರೆಯ ನೂಲಿಗೂ ಸಿಕ್ಕಿಕೊಳ್ಳುತ್ತದೆ. ಹರಳು ಹಿಡಿಯುವ ಸಣ್ಣ ಕಡ್ಡಿ ಒಂದು ಬಾಗಿದರೆ ಸಾಕು, ಹರಳು ಬಿದ್ದದ್ದೂ ಗೊತ್ತಾಗುವುದಿಲ್ಲ. ನಿಮಗೆ ಸುತ್ತಲೂ ತೆಳ್ಳಗೆ ಬಂಗಾರದ ಕಟ್ಟು ಇರುವ, ತಗ್ಗಾಗಿ ಕೂರಿಸುವ ಡಿಸೈನ್ ಒಳ್ಳೆಯದು. ಹಿಂಭಾಗ ಮಾತ್ರ ತೆರೆದಿರಲಿ, ಬೆಳಕಿಗೂ ತೊಳೆಯಲಿಕ್ಕೂ. ರೊಟ್ಟಿ ಹೊತ್ತಿಗೆ ತೆಗೆದಿಡುವುದು ಇನ್ನೂ ಒಳ್ಳೆಯದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಮಗುವಿನ ಹಲ್ಲುಜ್ಜುವ ಬ್ರಷ್, ವಾರಕ್ಕೊಮ್ಮೆ ಇಷ್ಟು ಸಾಕು.

ಹಳೇ ಉಂಗುರದ ಬಂಗಾರ 22 ಕ್ಯಾರಟ್, ಮೆತ್ತಗೆ. ಅರ್ಧ ಕ್ಯಾರಟ್ ಹರಳು ಹಿಡಿಯಲು 18 ಕ್ಯಾರಟ್ ಗಟ್ಟಿ. ಇಲ್ಲಿ ನನ್ನದೊಂದು ಆಸೆ ಇದೆ. ಆ ಬಂಗಾರವನ್ನು ಅಂಗಡಿಗೆ ಮಾರಿ ಹೊಸದು ಕೊಳ್ಳಬೇಡಿ. ಅದನ್ನೇ ಕರಗಿಸಿ ಹೊಸ ಉಂಗುರ ಮಾಡಿಸಿ. 22 ಕ್ಯಾರಟ್‌ನ 3 ಗ್ರಾಂನಲ್ಲಿ ಶುದ್ಧ ಬಂಗಾರ ಸುಮಾರು 2.75 ಗ್ರಾಂ ಇದೆ. ಬೇರೆ ಲೋಹ ಬೆರೆಸಿದರೆ 18 ಕ್ಯಾರಟ್‌ನ ಸುಮಾರು 3.7 ಗ್ರಾಂ ಆಗುತ್ತದೆ. ಸ್ವಲ್ಪ ಸವಕಳಿ ಹೋದರೂ ಹೆಂಗಸರ ಉಂಗುರಕ್ಕೆ ಸಾಕು. ಪತ್ತಾರರ ಮುಂದೆ ನೀವೇ ಕೂತು ಕರಗಿಸಿ. ಮೂಸೆಯಲ್ಲಿ ಬಂಗಾರ ಕರಗಿ ಗುಂಡಗೆ ಹೊರಳುವುದನ್ನು ಮಾವನವರಿಗೂ ತೋರಿಸಿ. ಆಮೇಲೆ ಸರಾಫರ ಮೂಲಕ ಹಾಲ್‌ಮಾರ್ಕ್ ಹಾಕಿಸಿ. ಒಳಬದಿಯಲ್ಲಿ ಬಿಐಎಸ್ ಗುರುತು, 18 ಕ್ಯಾರಟ್ ಎಂದು ಹೇಳುವ 18ಕೆ750, ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಮೂರೂ ಇರಬೇಕು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಆ 8 ಸೆಂಟ್ ಹರಳನ್ನು ವಿನಿಮಯಕ್ಕೆ ಕೊಡಬೇಡಿ. ಅದಕ್ಕೆ ಅಂಗಡಿಯಲ್ಲಿ ಸಿಗುವುದು ಅಲ್ಪಸ್ವಲ್ಪ. ಮೂಗುತಿಗೆ ಆ ಅಳತೆ ಸರಿಯಾಗಿ ಕೂರುತ್ತದೆ. ಮಗಳಿದ್ದರೆ ಅವಳಿಗೆ ಇಡಿ, ಇಲ್ಲವಾದರೆ ನೀವೇ ಹಾಕಿಕೊಳ್ಳಿ.

ಬೆರಳಿನ ಅಳತೆ ಮಾತ್ರ ಬೆಳಿಗ್ಗೆ ತಣ್ಣಗಿರುವಾಗ ಕೊಡಬೇಡಿ. ನಮ್ಮ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಬೆರಳು ಊದುತ್ತದೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಅಂಗಡಿಗೆ ಹೋಗಿ ಅಳತೆ ಕೊಡಿ. ಸುತ್ತ ಬಂಗಾರ ಕಟ್ಟಿದ ಉಂಗುರವನ್ನು ಆಮೇಲೆ ಹಿಗ್ಗಿಸಲು ಹೋದರೆ ಹರಳು ಸಡಿಲವಾಗುತ್ತದೆ.